ಪುಡಿಯ ಡಬ್ಬಿಯ ವಿಷಯ ನಾನು ಡಾಕ್ಟರಿಗೆ ಹೇಳಿರಲಿಲ್ಲ

ಮಗುವಿಗಾಗಿ ಐವಿಎಫ್ (ಪ್ರಣಾಳ ಶಿಶು) ಚಿಕಿತ್ಸೆಯ ಇಂಜೆಕ್ಷನ್ ಶುರುವಾಗುವ ಮೊದಲು ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್‌ಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನ್ ಟಿಎಸ್‌ಎಚ್ 0.08ಕ್ಕೆ ಇಳಿದಿತ್ತು, ಥೈರಾಯ್ಡ್ ತಯಾರಿಸುವ ಟಿ4 ಏರಿತ್ತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವಂತಿದೆ, ಅದು ಹತೋಟಿಗೆ ಬರುವವರೆಗೆ ಚಿಕಿತ್ಸೆ ಬೇಡ ಎಂದರು ಡಾಕ್ಟರ್. ನನಗೆ 37 ವರ್ಷ. ಈ ವಯಸ್ಸಿನಲ್ಲಿ ‘ಎರಡು ತಿಂಗಳು ನೋಡೋಣ’ ಎಂಬ ಮಾತಿನ ಭಾರ ಕೇಳಿಸಿಕೊಂಡವರಿಗೇ ಗೊತ್ತು. ವಾಪಸು ಬರುವಾಗ ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟುವವರೆಗೂ ನಾನೂ ನಮ್ಮವರೂ ಒಂದು ಮಾತು ಆಡಲಿಲ್ಲ.

ನನ್ನ ಥೈರಾಯ್ಡ್‌ಗೆ ಏನೂ ಆಗಿರಲಿಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಆಷಾಢ ಕಳೆದಿತ್ತು. ಲೆಕ್ಕ ಕೆಡಿಸಿದ್ದು ನಾನು ದಿನಾ ಬೆಳಿಗ್ಗೆ ಹಾಲಿಗೆ ಕಲಸಿ ಕುಡಿಯುತ್ತಿದ್ದ ಪುಡಿ.

ಅದು ಬಂದದ್ದು ವಾಟ್ಸ್‌ಆ್ಯಪ್ ಗುಂಪಿನಿಂದ. ಎಎಂಎಚ್ ಎಂಬ ಹಾರ್ಮೋನ್ ಕಡಿಮೆ ಇದೆ ಎಂದು ಗೊತ್ತಾದ ವಾರ ಓರಗಿತ್ತಿ ನನ್ನನ್ನು ಅದಕ್ಕೆ ಸೇರಿಸಿದಳು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಗುಂಪು ನಡೆಸುವಾಕೆ ತನ್ನನ್ನು ಸಂತಾನ ಸಲಹೆಗಾರ್ತಿ ಎಂದು ಕರೆದುಕೊಳ್ಳುತ್ತಿದ್ದಳು. “ಅಕ್ಕಾ, ಮೂರು ತಿಂಗಳು ತೆಗೆದುಕೊಳ್ಳಿ, ಎಗ್ ಕ್ವಾಲಿಟಿ ಹೇಗೆ ಬದಲಾಗುತ್ತದೆ ನೋಡಿ” ಎಂದಳು. ಎಎಂಎಚ್ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆಯೇ ಹೊರತು ಗುಣಮಟ್ಟ ಹೇಳುವುದಿಲ್ಲ, ಗುಣಮಟ್ಟದಲ್ಲಿ ದೊಡ್ಡ ಪಾಲು ವಯಸ್ಸಿನದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಂಗಳಿಗೆ ನಾಲ್ಕು ಸಾವಿರದ ಎಂಟು ನೂರು ರೂಪಾಯಿ. ಕೊನೆಗೆ ಆಕೆ ಸೇರಿಸಿದ ಮಾತು: “ಡಾಕ್ಟರಿಗೆ ಹೇಳುವುದು ಬೇಡ ಅಕ್ಕಾ, ಅವರಿಗೆ ಇದೆಲ್ಲ ಹಿಡಿಸುವುದಿಲ್ಲ. ಇದು ಔಷಧಿಯಲ್ಲ, ಆಹಾರ.”

ಆಹಾರ ಎಂದದ್ದೇನೋ ನಿಜ. ನಮ್ಮಲ್ಲಿ ಇಂಥ ಪೂರಕಗಳು ಆಹಾರ ಸುರಕ್ಷತಾ ಪ್ರಾಧಿಕಾರದ ಕೆಳಗೆ ಬರುತ್ತವೆ. ಔಷಧಿ ಬಳಕೆಗಲ್ಲ ಎಂದು ಡಬ್ಬಿಯ ಮೇಲೆ ಬರೆದಿರಲೇಬೇಕು. ನನ್ನ ಡಬ್ಬಿಯ ಮೇಲೂ ಇತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಆದರೆ ಆಹಾರವಾದರೆ ಡಾಕ್ಟರಿಂದ ಮುಚ್ಚಿಡುವುದೇಕೆ? ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಎರಡನೆಯ ತಿಂಗಳು ಒಂದು ಕ್ಯಾಪ್ಸುಲ್ ಜೊತೆಯಾಯಿತು. ದವಡೆಯ ಉದ್ದಕ್ಕೂ ಮೊಡವೆ ಎದ್ದವು, ಗದ್ದದ ಮೇಲೆ ನಾಲ್ಕೈದು ಗಡಸು ಕೂದಲು. “ಮೈಯ ನಂಜು ಹೊರಬರುತ್ತಿದೆ, ಒಳ್ಳೆಯ ಲಕ್ಷಣ” ಎಂದಳು. ಅದರಲ್ಲಿದ್ದದ್ದು ಡಿಎಚ್‌ಇಎ. ದೇಹದೊಳಗೆ ಗಂಡು ಹಾರ್ಮೋನಾಗಿಯೂ ಹೆಣ್ಣು ಹಾರ್ಮೋನಾಗಿಯೂ ಬದಲಾಗುವ ವಸ್ತು. ಕೆಲವರಿಗೆ ಡಾಕ್ಟರೇ ಅದನ್ನು ಬರೆದುಕೊಡುವುದುಂಟು, ಅದು ಬೇರೆ ಮಾತು. ನನಗೆ ಕೊಟ್ಟವಳು ನನ್ನ ಒಂದು ರಿಪೋರ್ಟನ್ನೂ ನೋಡಿದವಳಲ್ಲ.

ಥೈರಾಯ್ಡ್ ತಜ್ಞರ ಬಳಿ ಹೋಗಲು ಮೂರು ವಾರ ಕಾದೆವು. ವಯಸ್ಸಾದ ವೈದ್ಯರು. ನಾಡಿ ನೋಡಿದರು, ತೂಕ ಕೇಳಿದರು. ಎರಡೂ ಕೈ ಮುಂದಕ್ಕೆ ಚಾಚಿಸಿ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಅಲುಗಲಿಲ್ಲ. ಅದನ್ನೇ ನೋಡುತ್ತ ಕೇಳಿದರು: “ಕೂದಲಿಗೆ, ಉಗುರಿಗೆ ಅಂತ ಏನಾದರೂ ತೆಗೆದುಕೊಳ್ಳುತ್ತಿದ್ದೀರಾಮ್ಮ?” ಇಲ್ಲ ಎಂದೆ. ಕೂದಲಿಗೆ ಅಲ್ಲವಲ್ಲ! ನಮ್ಮವರು ಮಧ್ಯೆ ಬಾಯಿ ಹಾಕಿ, “ಒಂದು ಪುಡಿ ಕುಡಿಯುತ್ತಾಳೆ ಸಾರ್” ಎಂದರು. ಮೊಬೈಲಿನಲ್ಲಿ ಡಬ್ಬಿಯ ಚಿತ್ರವಿತ್ತು. ದೊಡ್ಡದು ಮಾಡಿ ಓದಿದರು: ಬಯೋಟಿನ್, 10 ಮಿಲಿಗ್ರಾಂ. ಕೂದಲಿಗೆ, ಉಗುರಿಗೆ ಎಂದು ಮಾರುವ ಬಿ ಗುಂಪಿನ ವಿಟಮಿನ್ ಅದು. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ. ಮುನ್ನೂರು ಪಟ್ಟಿಗೂ ಮೇಲೆ.

ಅವರು ವಿವರಿಸಿದ್ದು ಹೀಗೆ. ಅನೇಕ ಲ್ಯಾಬ್‌ಗಳ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ನನ್ನೇ ಕೊಕ್ಕೆಯಾಗಿ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಕೊಕ್ಕೆ ಸಿಕ್ಕಬೇಕಾದ ಜಾಗವನ್ನು ಅದು ಮೊದಲೇ ಆಕ್ರಮಿಸುತ್ತದೆ. ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಟಿ4 ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಗರ್ಭ ನಿಂತಿದೆಯೇ ಎಂದು ನೋಡುವ ಎಚ್‌ಸಿಜಿ ಕೂಡ ಹೀಗೆಯೇ ತಪ್ಪಬಹುದು. ಐವಿಎಫ್‌ನಲ್ಲಿ ಹಲವು ಹೆಜ್ಜೆಗಳು ಈ ಅಂಕಿಗಳ ಮೇಲೆ ನಿಂತಿರುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಬಯೋಟಿನ್ ಬಗ್ಗೆ ಎಚ್ಚರಿಸಿತ್ತು. ನಮಗೆ ರಕ್ತ ತೆಗೆಯುವಾಗ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ನಮ್ಮವರ ಕಥೆಯನ್ನೂ ಹೇಳಿಬಿಡುತ್ತೇನೆ, ಕೋಪಿಸಿಕೊಂಡರೂ ಸರಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತೂಗಿಯೇ ಹಾಕುತ್ತಾರೆ. ಆಮೇಲೆ ಕತ್ತಿಯ ತುದಿ ಅದ್ದಿ, ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸಿದ ಮೇಲೆಯೇ ಕೊನೆಗಾರನನ್ನು ಮರ ಹತ್ತಿಸುವುದು. ಅಡಿಕೆಗೆ ಇಷ್ಟು ಜಾಗ್ರತೆ ಮಾಡುವ ಮನುಷ್ಯ, ಹೆಂಡತಿಯ ಹೊಟ್ಟೆಗೆ ಹೋಗುವ ಡಬ್ಬಿಯನ್ನು ಚಿತ್ರ ತೆಗೆದು ಇನ್ನೊಂದು ತರಿಸಿದರೇ ಹೊರತು ಒಮ್ಮೆ ಓದಲಿಲ್ಲ. ನಾನೂ ಓದಲಿಲ್ಲ ಎನ್ನಿ.

ಎಲ್ಲ ನಿಲ್ಲಿಸಿ ನಾಲ್ಕು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ 2.1. ಮಾತ್ರೆ ಬೇಕಾಗಲಿಲ್ಲ. ಈಗ ಡಾಕ್ಟರ್ ಬರೆದ ಫೋಲಿಕ್ ಆ್ಯಸಿಡ್ ಮತ್ತು ವಿಟಮಿನ್ ಡಿ ಮಾತ್ರ ನಡೆಯುತ್ತಿದೆ. ಅಂಡಾಣುವಿಗೆ ಒಳ್ಳೆಯದೆಂದು ಹಲವರು ತೆಗೆದುಕೊಳ್ಳುವ ಕೋಕ್ಯೂ10 ಎಂಬ ಪೂರಕ ಬೇಕೇ ಎಂದು ನಾನೇ ಕೇಳಿದೆ. “ಬೇಕಿದ್ದರೆ ತೆಗೆದುಕೊಳ್ಳಿ, ಖಾತರಿ ಕೊಡಲಾರೆ” ಎಂದರು. ಖಾತರಿ ಇಲ್ಲ ಎನ್ನುವವರನ್ನು ನಂಬಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ಇದನ್ನು ಬರೆಯಲು ಕೂತದ್ದಕ್ಕೆ ಬೇರೆ ಕಾರಣವಿದೆ. ಮೊನ್ನೆ ಅದೇ ಗುಂಪಿನಲ್ಲಿ ಒಬ್ಬಾಕೆ, ‘ನನ್ನ ಟಿಎಸ್‌ಎಚ್ ತುಂಬಾ ಕಡಿಮೆ ಬಂದಿದೆ, ಪುಡಿ ಮುಂದುವರಿಸಲೇ?’ ಎಂದು ಕೇಳಿದ್ದಳು. ‘ಮುಂದುವರಿಸಿ’ ಎಂಬ ಉತ್ತರ ಬಂತು. ನಾನು ನನ್ನ ಎರಡೂ ರಿಪೋರ್ಟ್ ಹಾಕಿದೆ. ಎರಡು ನಿಮಿಷದಲ್ಲಿ ನನ್ನನ್ನು ಗುಂಪಿನಿಂದ ತೆಗೆದರು. ಆಕೆಯ ನಂಬರ್ ಬರೆದಿಟ್ಟುಕೊಂಡಿರಲಿಲ್ಲ. ತಂಗಿ, ನೀನು ಇದನ್ನು ಓದುತ್ತಿದ್ದರೆ, ಥೈರಾಯ್ಡ್ ಮಾತ್ರೆ ನುಂಗುವ ಮೊದಲು ಆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡು. ಎಷ್ಟು ದಿನ ಬಿಟ್ಟು ಮತ್ತೆ ರಕ್ತ ಕೊಡಬೇಕೆಂದು ಅವರನ್ನೇ ಕೇಳು.