ಹಳೆಯ ಟ್ರಕ್ಕಿನ ಹೊಗೆ ನಿಯಂತ್ರಣ ಭಾಗಗಳನ್ನು ಕೀಳಿಸುವ ಮೊದಲು

ನನ್ನ ಹಳೆಯ ಕಾರ್ಬ್ಯುರೇಟರ್ ಟ್ರಕ್ಕಿನಿಂದ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದಷ್ಟನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಭಾಗ), ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಹಾಗೂ ಅವುಗಳಿಗೆ ಸೇರಿದ ರಬ್ಬರ್ ಕೊಳವೆಗಳನ್ನು ಕೀಳಿಸಿದ ಮರುದಿನದಿಂದಲೇ, ಬ್ರೇಕ್ ಒತ್ತಿ ನಿಲ್ಲಿಸಿದಲ್ಲೆಲ್ಲ ಇಂಜಿನ್ ಬಂದ್ ಆಗತೊಡಗಿತು. ಅವೆಲ್ಲ ಬರೀ ಹೊಗೆಗಾಗಿ ಇಟ್ಟವು, ಇಲ್ಲದಿದ್ದರೆ ಗಾಡಿ ಇನ್ನೂ ಚೆನ್ನಾಗಿ ಓಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದನ್ನು ನಾನು ನಂಬಿದ್ದೆ.

ಮೊದಲು ಮಾಡಿದ್ದೆಲ್ಲ ತಪ್ಪು ಕೆಲಸವೇ. ಪ್ಲಗ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಕೊನೆಗೆ ಐಡಲ್ ಸ್ಕ್ರೂ ತಿರುಗಿಸಿ, ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗುವ ವೇಗ (ಐಡಲ್) ಏರಿಸಿದೆ. ಅದು ದೋಷವನ್ನು ಮುಚ್ಚಿತೇ ಹೊರತು ಸರಿಪಡಿಸಲಿಲ್ಲ. ಇಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸಿದಾಗ ಮಾತ್ರ ದಾರಿ ಕಂಡಿತು. ಆರೋಗ್ಯವಾಗಿರುವ ಇಂಜಿನ್ ಐಡಲ್‌ನಲ್ಲಿ ಸಾಮಾನ್ಯವಾಗಿ 17ರಿಂದ 21 ಇಂಚು (ಪಾದರಸದ ಇಂಚು) ತೋರಿಸುತ್ತದೆ. ನನ್ನದು 14ರ ಆಸುಪಾಸಿನಲ್ಲೇ ನಿಂತಿತ್ತು, ಅಂದರೆ ಎಲ್ಲೋ ಗಾಳಿ ಒಳಕ್ಕೆ ಸೋರುತ್ತಿರಬಹುದು. ಸಾಬೂನು ನೀರನ್ನು ಒಂದೊಂದೇ ಜೋಡಣೆಯ ಮೇಲೆ ಚಿಮುಕಿಸುತ್ತ ಹೋದಂತೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಹಿಂದೆ, ಕಿತ್ತ ಕೊಳವೆಯ ಬಾಯಿಗೆ ಹಾಕಿದ್ದ ರಬ್ಬರ್ ಟೋಪಿಯ ಬಳಿ ನೀರು ಸುಯ್ಯನೆ ಒಳಕ್ಕೆ ಹೋಯಿತು, ಇಂಜಿನ್ನಿನ ಸದ್ದೂ ಬದಲಾಯಿತು. ಟೋಪಿ ಶಾಖಕ್ಕೆ ಸೀಳಿತ್ತು. (ಇದಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬಳಸುವವರಿದ್ದಾರೆ, ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಅದು ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು, ಆದ್ದರಿಂದ ನನಗೆ ಸಾಬೂನು ನೀರೇ ಮೇಲು.)

ಐಡಲ್‌ನಲ್ಲಿ ಥ್ರಾಟಲ್ ತಟ್ಟೆ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಬಹುತೇಕ ಮುಚ್ಚಿರುವುದರಿಂದ, ಪೆಟ್ರೋಲ್ ಬೆರೆಯದೆ ಕಳ್ಳದಾರಿಯಿಂದ ನುಗ್ಗುವ ಅಷ್ಟು ಸಣ್ಣ ಗಾಳಿಯೇ ಮಿಶ್ರಣವನ್ನು ತೆಳುವಾಗಿಸಿ ಇಂಜಿನ್ನನ್ನು ನಿಲ್ಲಿಸಿಬಿಡುತ್ತದೆ; ಆಕ್ಸಿಲರೇಟರ್ ಒತ್ತಿದಾಗ ಒಳಬರುವ ಗಾಳಿ ಹೆಚ್ಚಿರುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ಸರಿಯಿದ್ದು, ನಿಂತಾಗ ಮಾತ್ರ ಸಾಯುವ ಗಾಡಿಯಲ್ಲಿ ಮೊದಲು ಇದನ್ನೇ ಹುಡುಕಿ.

ಟೋಪಿ ಬದಲಾಯಿಸಿದ ಮೇಲೆ ಅಡಗಿದ್ದ ಎರಡನೆಯ ದೋಷ ಹೊರಬಂತು. ಅರ್ಧ ಗಂಟೆ ಓಡಿದ ಬಳಿಕ ಇಂಜಿನ್ ಮುಕ್ಕರಿಸಿ ನಡುರಸ್ತೆಯಲ್ಲೇ ನಿಲ್ಲುತ್ತಿತ್ತು, ಹಿಂದೆ ದೊಡ್ಡ ವಾಹನಗಳಿರುವಾಗಲೂ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಒಮ್ಮೆ ಹಾಗೆ ನಿಂತಾಗ ಟ್ಯಾಂಕಿನ ಮುಚ್ಚಳ ತಿರುಗಿಸಿದೆ: ಗಾಳಿ ಬುಸ್ಸೆಂದು ಒಳಗೆ ನುಗ್ಗಿತು, ಗಾಡಿ ಕೂಡಲೇ ಸ್ಟಾರ್ಟ್ ಆಯಿತು. ಟ್ಯಾಂಕ್ ಉಸಿರಾಡುತ್ತಿದ್ದುದು ಆ ಇದ್ದಿಲಿನ ಡಬ್ಬಿಯ ಮೂಲಕ. ಡಬ್ಬಿ ಕಿತ್ತವರು ವಾಸನೆ ಬಾರದಿರಲೆಂದು ಟ್ಯಾಂಕಿನಿಂದ ಬರುವ ಕೊಳವೆಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದರು. ಪೆಟ್ರೋಲ್ ಖಾಲಿಯಾದಂತೆಲ್ಲ ಒಳಗೆ ನಿರ್ವಾತ ಹೆಚ್ಚಿ, ಪಂಪಿಗೆ ಎಳೆಯಲಾಗುತ್ತಿರಲಿಲ್ಲ.

ಅನೇಕ ದೇಶಗಳಲ್ಲಿ ಈ ಭಾಗಗಳನ್ನು ತೆಗೆಯುವುದು ಕಾನೂನುಬಾಹಿರವೂ ಹೌದು. ಕೆಟ್ಟಿದ್ದರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಿ. ಬಿಚ್ಚುವ ಮೊದಲು ಪ್ರತಿ ಕೊಳವೆಯ ಫೋಟೋ ತೆಗೆದು ಎರಡೂ ತುದಿಗೆ ಚೀಟಿ ಅಂಟಿಸಿ, ಬಾನೆಟ್ಟಿನ ಕೆಳಗೆ ಕೊಳವೆಗಳ ನಕ್ಷೆಯಿದ್ದರೆ ಅದನ್ನು ನೋಡಿ. ಇಂಜಿನ್ನಿನೊಳಗೆ ಸೇರುವ ಅನಿಲವನ್ನು ಹೊರಕ್ಕೆ ಎಳೆಯುವ ಪಿಸಿವಿ ವಾಲ್ವನ್ನಂತೂ ಮುಟ್ಟಲು ಬಿಡಬೇಡಿ. ಅದರ ದಾರಿ ಮುಚ್ಚಿದರೆ ಇಂಜಿನ್ನಿನೊಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಸೋರುತ್ತದೆ.

ನನ್ನ ಗಾಡಿಗೆ ಇದ್ದಿಲಿನ ಡಬ್ಬಿ ಮರಳಿ ಕೂತಿದೆ. ಏರಿನಲ್ಲಿ ಭಾರ ಬಿದ್ದಾಗ ಇಂಜಿನ್ ಇನ್ನೂ ಟಕಟಕ ಬಡಿಯುತ್ತದೆ. ಇಜಿಆರ್ ಮರಳಿಸುವ ಹೊಗೆ ಉರಿಯ ಶಾಖ ತಗ್ಗಿಸಿ ಆ ಬಡಿತವನ್ನು ತಡೆಯುತ್ತಿತ್ತು. ಈಗ ಆ ಇಜಿಆರ್ ವಾಲ್ವಿಗಾಗಿ ಹುಡುಕುತ್ತಿದ್ದೇನೆ, ಏಕೆಂದರೆ ಹಳೆಯದನ್ನು ನಾನೇ ಗುಜರಿಗೆ ಹಾಕಿದ್ದೆ.