ಪಟ್ಟೆ ಕಂಡಿದ್ದೆಲ್ಲ ಮರವಲ್ಲ: ರಫ್ (ಇನ್ನೂ ಕುಯ್ಯದ) ಕಲ್ಲು ಕೊಂಡು ನಾನು ಕೆಟ್ಟ ಕಥೆ

ಕಲ್ಲು ಕುಯ್ಯುವ ಗರಗಸದ ತೊಟ್ಟಿಯಲ್ಲಿದ್ದ ನೀರು ಎರಡೇ ನಿಮಿಷಕ್ಕೆ ಓಕುಳಿಯಾಯಿತು. ಆರತಿ ತಟ್ಟೆಯ ನೀರು ಇರುತ್ತಲ್ಲ, ಥೇಟ್ ಆ ಬಣ್ಣ. ಕೈ, ಏಪ್ರನ್, ಹಿತ್ತಲ ಗೋಡೆ, ತಂತಿ ಮೇಲೆ ಒಣಗಲು ಹಾಕಿದ್ದ ಬೆಡ್‌ಶೀಟು, ಎಲ್ಲಾ ಕೆಂಪು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕಲ್ಲಾದ ಮರದಲ್ಲಿ (ಮಣ್ಣಿನಡಿ ಹೂತು ಕಲ್ಲಾಗಿಹೋದ ಹಳೇ ಮರ) ಕಬ್ಬಿಣದ ಅಂಶ ಇರುತ್ತೆ, ಅದಕ್ಕೇ ಕೆಂಪು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಪೂರ್ತಿ ಕುಯ್ದೆ. ಆರು ಇಂಚಿನ ಹೊಸ ಡೈಮಂಡ್ ಬ್ಲೇಡು ಆ ಒಂದು ಕಲ್ಲಿಗೇ ಮೊಂಡಾಯಿತು.

ವಾರವೆಲ್ಲ ಆಫೀಸು, ಭಾನುವಾರ ಕಲ್ಲು. ಇದು ನನ್ನ ಹುಚ್ಚು. ಅಗೇಟ್, ಜಾಸ್ಪರ್‌ನಂಥ ಬಣ್ಣದ ಕಲ್ಲು ಕುಯ್ದು, ಉಜ್ಜಿ, ಪೆಂಡೆಂಟಿಗೆ ಕ್ಯಾಬ್ (ಮೇಲ್ಭಾಗ ಉಬ್ಬಿದ, ನುಣುಪಾದ ಬಿಲ್ಲೆ) ಮಾಡುತ್ತೇನೆ. ಕಲ್ಲಾದ ಮರದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಒಬ್ಬ ವ್ಯಾಪಾರಿಯ ವಾಟ್ಸಾಪ್ ನಂಬರ್ ಪರಿಚಯದವರಿಂದ ಸಿಕ್ಕಿತು. ಫೋಟೋ ಕಳಿಸಿದ. ಕಂದು, ಕೆಂಪು, ಕಪ್ಪು ಪಟ್ಟೆಗಳು ತೇಗದ ಹಲಗೆಯ ಹಾಗೆ ಮಿಂಚುತ್ತಿದ್ದವು. 'ನೂರಕ್ಕೆ ನೂರು ಫಾಸಿಲ್ ವುಡ್ ಸರ್, ನಮ್ಮ ಚಿತ್ರದುರ್ಗದ ಕಡೆ ಹೊಲದಲ್ಲಿ ಸಿಕ್ಕಿದ್ದು' ಅಂದ. ಏಳು ಕಲ್ಲು, ಒಟ್ಟು 11 ಕೆಜಿ, 6,500 ರೂಪಾಯಿ. ಚೌಕಾಸಿ ಕೂಡ ಮಾಡಲಿಲ್ಲ. ಮಾಡಿದರೆ ಬೇರೆಯವರ ಪಾಲಾಗುತ್ತೇನೋ ಅನ್ನುವ ಆತುರ.

ಪಾರ್ಸೆಲ್ ಬಿಚ್ಚಿದಾಗಲೇ ಒಂದು ಸುಳಿವು ಸಿಕ್ಕಿತ್ತು. ಕಲ್ಲಿಗೆ ಸುತ್ತಿದ್ದ ಪೇಪರು ಎಣ್ಣೆ ಎಣ್ಣೆಯಾಗಿತ್ತು, ಬೋಂಡಾ ಕಟ್ಟಿಕೊಟ್ಟ ಹಾಗೆ. ಫೋಟೋದ ಮಿಂಚಿಗೆ ಕಾರಣ ಅದು. ಕಲ್ಲನ್ನು ಒದ್ದೆ ಮಾಡಿಯೋ ಎಣ್ಣೆ ಸವರಿಯೋ ಫೋಟೋ ತೆಗೆದರೆ ಬಿರುಕು ಕಾಣಲ್ಲ, ಬಣ್ಣ ಎದ್ದು ಕಾಣುತ್ತೆ. ಒಣಗಿದ ಕಲ್ಲಿನ ಫೋಟೋನೂ ಕಳಿಸಿ ಅಂತ ಕೇಳಬೇಕಿತ್ತು ಅಲ್ವಾ? ಈಗ ಹೊಳೆಯುತ್ತೆ.

ಬ್ಲೇಡ್ ಹೋದ ಮೇಲೆ ಬುದ್ಧಿ ಬಂತು. ನಮ್ಮ ಬೀದಿಯಲ್ಲೇ ಇರುವ, ಭೂವಿಜ್ಞಾನ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರ ಹತ್ತಿರ ಏಳೂ ಕಲ್ಲನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ. ಅವರು ದೊಡ್ಡ ಪಟ್ಟೆ ಕಲ್ಲನ್ನು ಕೈಯಲ್ಲಿ ತೂಗಿ ನೋಡಿದರು, ಅಷ್ಟೇ. 'ಎಲ್ಲಿಯದಂತೆ?' ಅಂದರು. ಚಿತ್ರದುರ್ಗ ಅಂದೆ. ನಕ್ಕುಬಿಟ್ಟರು.

'ಅಲ್ಲಯ್ಯ, ಆ ಕಡೆಯ ಈ ಪಟ್ಟೆ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೇದು. ಭೂಮಿ ಮೇಲೆ ಮರ ಅಂತ ಬಂದು ಇನ್ನೂ 40 ಕೋಟಿ ವರ್ಷ ತುಂಬಿಲ್ಲ. ಇದು ಹುಟ್ಟಿದಾಗ ಮರ ಹಾಗಿರಲಿ, ಒಂದು ಗರಿಕೆ ಹುಲ್ಲೂ ಇರಲಿಲ್ಲ.'

ಅದು ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್‌ಸೈಟ್. ಸಂಡೂರಿನ ಗಣಿ ಕಡೆಯವರ ಬಾಯಲ್ಲಿ ಬಿಎಚ್‌ಕ್ಯೂ. ಕಬ್ಬಿಣದ ಅದಿರಿನ (ಅದೇ ಹೆಮಟೈಟ್) ಒಂದು ಪದರ, ಸಿಲಿಕಾದ (ಮರಳಿನಲ್ಲಿರುವ ಖನಿಜ) ಒಂದು ಪದರ, ಹೀಗೆ ಸಮುದ್ರದ ತಳದಲ್ಲಿ ಕೂತು ಕೂತು ಆದದ್ದು. ಮಡಿಕೆ ಬಿದ್ದ ಕಡೆ ಮರದ ಗಂಟಿನ ಹಾಗೇ ಸುತ್ತಿಕೊಂಡಿರುತ್ತೆ, ನಾನು ಮೋಸ ಹೋಗಿದ್ದೂ ಆ ಗಂಟು ನೋಡಿಯೇ. ಕಲ್ಲು ಕೆಟ್ಟದ್ದೇನಲ್ಲ, ಒಳ್ಳೇ ಪಾಲಿಶ್ ಬರುತ್ತೆ. ಅದರ ಹೆಸರಲ್ಲೇ, ಅದರ ಬೆಲೆಗೇ ಮಾರಿದ್ದರೆ ನನಗೇನೂ ತಕರಾರಿರಲಿಲ್ಲ.

ಮೇಷ್ಟ್ರು ಮಾಡಿ ತೋರಿಸಿದ್ದೆಲ್ಲ ಅಡುಗೆಮನೆ ಸಾಮಾನಲ್ಲೇ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಕಪ್ಪು ಪಟ್ಟೆಗೆ ಹಿಡಿದರು, ಟಕ್ ಅಂತ ಕಚ್ಚಿಕೊಂಡಿತು. ಮ್ಯಾಗ್ನೆಟ್‌ಗೆ ಅಂಟುವ ಮ್ಯಾಗ್ನಟೈಟ್ ಅನ್ನುವ ಅದಿರೂ ಬೆರೆತಿದೆ ಅಂದರು. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಗ್ಲೇಜ್ ಇಲ್ಲದ ಒರಟು ಅಂಚಿಗೆ ಕಲ್ಲನ್ನು ಉಜ್ಜಿದರು. ಕಪ್ಪು ಕಲ್ಲು ಕೆಂಪು ಗೀರು ಬಿಟ್ಟಿತು. ಹೆಮಟೈಟ್ ಗುರುತೇ ಅದಂತೆ. ಆಮೇಲೆ ತೂಕ. ತುಂಡಾದ ಚೂರು 912 ಗ್ರಾಂ ಇತ್ತು. ತಕ್ಕಡಿ ಮೇಲೆ ನೀರಿನ ಬೋಗುಣಿ ಇಟ್ಟು, ಅಂಕಿಯನ್ನು ಸೊನ್ನೆ ಮಾಡಿ, ಚೂರನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸಿದರು. ತಕ್ಕಡಿ 262 ತೋರಿಸಿತು. 912ನ್ನು 262ರಿಂದ ಭಾಗಿಸಿದರೆ 3.48, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ. ಸಿಲಿಕಾ ತುಂಬಿ ಕಲ್ಲಾದ ಮರ ಸಾಮಾನ್ಯವಾಗಿ 2.6ರ ಆಸುಪಾಸು ಇರುತ್ತೆ, ಸಿಲಿಕಾದ ಹರಳಾದ ಕ್ವಾರ್ಟ್ಸ್ 2.65. ಐದು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ಬ್ಲೇಡ್ ಉಳಿಯುತ್ತಿತ್ತು, ಬೆಡ್‌ಶೀಟೂ ಉಳಿಯುತ್ತಿತ್ತು.

ಇಲ್ಲಿಯವರೆಗೆ ಹೋಗಿದ್ದು ದುಡ್ಡು ಮಾತ್ರ. ಮುಂದಿನ ಕಲ್ಲಿನ ವಿಷಯಕ್ಕೇ ನಾನು ಇದನ್ನು ಬರೆಯುತ್ತಿರುವುದು.

ಹಸಿರು ಮಿಶ್ರಿತ ಬೂದು ಬಣ್ಣದ ಒಂದು ತುಂಡಿತ್ತು. ನನ್ನ ಪ್ರಕಾರ ಏಳರಲ್ಲಿ ಅದೇ ಚೆಂದದ್ದು. ಉದ್ದಕ್ಕೂ ರೇಷ್ಮೆಯಂಥ ಎಳೆಗಳು, ಸಿಗಿದ ಸೌದೆಯ ಹಾಗೆ. ಇದಂತೂ ಮರವೇ ಸರಿ ಅಂತ ಮುಂದಿನ ಭಾನುವಾರಕ್ಕೆ ಎತ್ತಿಟ್ಟಿದ್ದೆ. ಮೇಷ್ಟ್ರು ಅದರ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ಹತ್ತಿಯಂಥ ನಾರು ಎದ್ದಿತು. ಅವರ ಮುಖದ ನಗು ಹೋಯಿತು.

'ಇದನ್ನ ಕುಯ್ದಿಲ್ಲ ತಾನೇ?'

ಇಲ್ಲ ಅಂದೆ. ಒಳಗೆ ಹೋಗಿ ನೀರು ತಂದು ಅದನ್ನು ನೆನೆಸಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಕೈ ತೊಳೆದುಕೊಂಡು ಬಂದರು. 'ಕಲ್ನಾರು ಕಣಯ್ಯ' ಅಂದರು. ಆಸ್ಬೆಸ್ಟಾಸ್. ಹಾಸನದ ಕಡೆ ಹೊಳೆನರಸೀಪುರದ ಸುತ್ತಮುತ್ತ ಇಂಥ ಕಲ್ಲು ಇದೆಯಂತೆ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಈಚೆ ಬರಲ್ಲ. ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಅಷ್ಟು ವರ್ಷ ಆದ ಮೇಲೆ ಈ ಭಾನುವಾರ ಯಾರಿಗೆ ನೆನಪಿರುತ್ತೆ ಹೇಳಿ. ನನ್ನ ಮಗಳು ಗರಗಸದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿರುತ್ತಾಳೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಲ್ಲಾದ ಮರವೂ ಮೇಲೆ ಸವೆದು ಬೆಳ್ಳಗಾದ ಕಡೆ ಸಿಬಿರು ಬಿಡುವುದುಂಟು. ಮರವೋ ಕಲ್ನಾರೋ, ಉಗುರಿಗೆ ಎಳೆ ಎದ್ದ ಕಲ್ಲನ್ನು ಗರಗಸಕ್ಕೆ ಇಡಬೇಡಿ, ಅಷ್ಟೇ. ಇನ್ನು ನಿಜವಾದ ಕಲ್ಲುಮರದ ಧೂಳೂ ಪಾಪದ್ದಲ್ಲ, ಅದು ಸಿಲಿಕಾ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವವರಿಗೆ ಸಿಲಿಕೋಸಿಸ್ (ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗ) ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ಬಿಟ್ಟುಕೊಂಡೇ ಕುಯ್ಯಿರಿ. ನೀರಿದೆಯಲ್ಲ ಅಂತ ಎನ್95 ಮಾಸ್ಕ್ ಬಿಡಬೇಡಿ, ತುಂತುರಿನಲ್ಲೂ ಧೂಳು ಇರುತ್ತೆ.

ಉಳಿದವುಗಳಲ್ಲಿ ಒಂದು ಸುಣ್ಣಕಲ್ಲು. ಚಾಕುವಿಗೆ ಬೆಣ್ಣೆಯ ಹಾಗೆ ಗೀರು ಬಿತ್ತು, ಕೆರೆದ ಪುಡಿಗೆ ವಿನೆಗರ್ ಬಿಟ್ಟರೆ ನೊರೆ ಬಂತು. ಇನ್ನೊಂದರ ಬಿರುಕಿಗೆಲ್ಲ ರೆಸಿನ್ ತುಂಬಿದ್ದರು, ಕಾಯಿಸಿದ ಸೂಜಿ ಚುಚ್ಚಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಎರಡು ಕಲ್ಲು ಏನು ಅಂತ ಮೇಷ್ಟ್ರಿಗೂ ಹೊಳೆಯಲಿಲ್ಲ.

ಇನ್ನು ಹೊಟ್ಟೆ ಉರಿಸಿದ್ದು ಕೊನೆಯದು. ಮಾಸಲು ಬೂದು ಬಣ್ಣ, ಪಟ್ಟೆಯೂ ಇಲ್ಲ ಪಾಡೂ ಇಲ್ಲ. ಬ್ಲೇಡ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಮೊದಲ ದಿನ ಸುಮ್ನೆ ಅದನ್ನೇ ಉದ್ದಕ್ಕೆ ಸೀಳಿ, ತೆಳು ಬಿಲ್ಲೆಗಳಾಗಿ ಮಾಡಿ ಹಾಕಿದ್ದೆ. ಮೇಷ್ಟ್ರು ಒಂದು ಬಿಲ್ಲೆಯ ತುದಿಯನ್ನು ನೆನೆಸಿ, 10 ಪಟ್ಟು ದೊಡ್ಡದು ಮಾಡುವ ಲೂಪ್ ನನ್ನ ಕೈಗೆ ಕೊಟ್ಟರು. ಚುಕ್ಕಿ. ರಾಗಿ ಕಾಳು ಚೆಲ್ಲಿದ ಹಾಗೆ ಒತ್ತೊತ್ತಾಗಿ ಚುಕ್ಕಿ. ತಾಳೆ ಜಾತಿಯ ಮರ! ತೆಂಗಿನ ಮರ ಕಡಿದಾಗ ಬುಡದಲ್ಲಿ ಕಾಣುತ್ತಲ್ಲ, ನೀರು ಸಾಗಿಸುವ ನಾರಿನ ಕಟ್ಟುಗಳು, ಅವೇ. ತಾಳೆ ಜಾತಿಗೆ ವರ್ಷದ ಉಂಗುರ ಇರಲ್ಲ, ಅದಕ್ಕೇ ಪಟ್ಟೆ ಇರಲಿಲ್ಲ. ಅಡ್ಡಕ್ಕೆ ಕುಯ್ದರೆ ಚುಕ್ಕಿ ಚುಕ್ಕಿಯ ಕ್ಯಾಬ್, ಜನ ಹುಡುಕಿಕೊಂಡು ಬರುವುದೂ ಅದಕ್ಕೇ. ಉದ್ದಕ್ಕೆ ಸೀಳಿದರೆ ಬರೀ ಮಂಕು ಗೆರೆ.

ಮಾವು, ಹಲಸಿನಂಥ ಅಗಲ ಎಲೆಯ ಮರವಾದರೆ ಅಡ್ಡ ಮುಖದಲ್ಲಿ ಸೂಜಿಮೊನೆಯಂಥ ರಂಧ್ರಗಳು, ನಡುವಿನಿಂದ ಹೊರಕ್ಕೆ ಹೋಗುವ ಸಣ್ಣ ಗೆರೆಗಳು ಕಾಣಬೇಕು. ಪೈನ್ ಜಾತಿಯದಾದರೆ ಜರಡಿಯ ಬಲೆಯಂಥ ಸಣ್ಣ ಕೋಶಗಳ ಸಾಲು. ಯಾವುದನ್ನೇ ಆಗಲಿ ಗುರುತು ಹಿಡಿಯಬೇಕಾದದ್ದು ಅಡ್ಡ ಮುಖದಲ್ಲಿ. ಪಕ್ಕದ ಪಟ್ಟೆ ನಂಬಿ ನಾನು ಕೆಟ್ಟೆ.

ಈ ತಾಳೆ ಎಲ್ಲಿಯದು? ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಘುಘುವಾದಲ್ಲಿ ಸುಮಾರು 6.5 ಕೋಟಿ ವರ್ಷ ಹಿಂದಿನ ತಾಳೆ ಪಳೆಯುಳಿಕೆ ಇದೆ, ಆದರೆ ಅದು ಕಾಪಾಡಿದ ಜಾಗ. ತಮಿಳುನಾಡಿನ ತಿರುವಕ್ಕರೈ, ಜೈಸಲ್ಮೇರ್ ಹತ್ತಿರದ ಆಕಲ್ ಕೂಡ ಹಾಗೇ, ಅಲ್ಲಿಂದ ಒಂದು ಚೂರೂ ಎತ್ತುವಂತಿಲ್ಲ. ವ್ಯಾಪಾರಿ ಅಂಥ ಊರಿನ ಹೆಸರು ಹೇಳಿ ಹೆಮ್ಮೆ ಪಟ್ಟರೆ ಫೋನ್ ಇಟ್ಟುಬಿಡಿ. ನನ್ನವನಿಗೆ ಕೇಳಿದೆ. 'ಲಾಟ್‌ನಲ್ಲಿ ಬಂದಿದ್ದು ಸರ್, ಗೊತ್ತಿಲ್ಲ' ಅಂದ. ಚಿತ್ರದುರ್ಗದ ಹೊಲ ಅಷ್ಟು ಬೇಗ ಮರೆತುಹೋಗಿತ್ತು. ದುಡ್ಡು ವಾಪಸ್ ಕೇಳಿದ್ದಕ್ಕೆ 'ಕುಯ್ದ ಮಾಲು ತಗೊಳಲ್ಲ ಸರ್' ಅಂತ ಉತ್ತರ.

ಮೊನ್ನೆ ಅವನ ಸ್ಟೇಟಸ್‌ನಲ್ಲಿ ಮತ್ತೊಂದು ಫೋಟೋ. ಹಸಿರು ಬೂದು ಕಲ್ಲು, ರೇಷ್ಮೆ ಎಳೆ, ಒದ್ದೆ ಒದ್ದೆ. 'ರೇರ್ ಗ್ರೀನ್ ಫಾಸಿಲ್ ವುಡ್' ಅಂತ ಹೆಸರು ಬೇರೆ. ಇದು ಕಲ್ನಾರು ಇರಬಹುದು, ತೆಗೀರಿ ಅಂತ ಬರೆದೆ. ಎರಡು ನೀಲಿ ಗೆರೆ ಬಿದ್ದವು. ಫೋಟೋ ಸಂಜೆಯವರೆಗೂ ಹಾಗೇ ಇತ್ತು.