ಐಸಿಯು ನಂತರದ ಕ್ಲಿನಿಕ್: ಮೂರು ಭೇಟಿಗಳ ಜಮಾ-ಖರ್ಚು

ಕರಾವಳಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆ ನಡೆಸುತ್ತಿರುವ ‘ಐಸಿಯು ನಂತರದ ಕ್ಲಿನಿಕ್’ಗೆ ಒಂದು ವರ್ಷದಲ್ಲಿ ಮೂರು ಸಲ ಹೋಗಿ ಬಂದಿದ್ದೇನೆ. ಐಸಿಯುವಿನಿಂದ ಮನೆಗೆ ಬಂದವರಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಮನೆಯವರಿಗೆ, ಅಲ್ಲಿ ಏನು ಸಿಗುತ್ತದೆ ಮತ್ತು ಏನು ಸಿಗುವುದಿಲ್ಲ ಎಂಬುದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 26 ವರ್ಷಗಳಿಂದ ಲೆಕ್ಕ ಬರೆಯುವವನು. ಮೆಚ್ಚುಗೆಯನ್ನು ಜಮಾಕ್ಕೂ ದೂರನ್ನು ಖರ್ಚಿಗೂ ಬರೆಯುವುದು ನನಗೆ ಅಭ್ಯಾಸ.

ಕಳೆದ ಮಳೆಗಾಲದಲ್ಲಿ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದ ದಿನಗಳಲ್ಲಿ ಹಿಡಿದ ಜ್ವರ ಇಲಿಜ್ವರವೆಂದು ಗೊತ್ತಾಗುವ ಹೊತ್ತಿಗೆ ಮೂತ್ರಪಿಂಡ, ಶ್ವಾಸಕೋಶ ಎರಡೂ ಕೈಕೊಟ್ಟಿದ್ದವು. ಐಸಿಯುವಿನಲ್ಲಿ 16 ದಿನ, ಅದರಲ್ಲಿ 11 ದಿನ ವೆಂಟಿಲೇಟರ್. ಮನೆಗೆ ಕಳಿಸುವಾಗ ಕೊಟ್ಟ ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬುದೆಲ್ಲ ಇತ್ತು. ತಲೆಯ ಬಗ್ಗೆಯಾಗಲಿ ಮನಸ್ಸಿನ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ. ಎರಡು ತಿಂಗಳು ಕಳೆದು ಕೆಲಸಕ್ಕೆ ಹೋದ ದಿನ ಸಂಜೆ, ನಗದು ಶಿಲ್ಕು ತಾಳೆ ನೋಡಲು ಕುಳಿತವನು ಐನೂರರ ಒಂದೇ ಕಟ್ಟನ್ನು ನಾಲ್ಕು ಸಲ ಎಣಿಸಿದೆ. ನಾಲ್ಕು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ‘ಕೊಡಿ ಸರ್, ನಾನು ನೋಡ್ತೇನೆ’ ಎಂದು, ನಾನೇ ಕೆಲಸ ಕಲಿಸಿದ ಹುಡುಗ ಕೈ ಚಾಚಿದಾಗ ಆ ಕಟ್ಟನ್ನು ಅವನ ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂದು, ಮರುಕ್ಷಣವೇ ಅಳು ಬಂತು. ಅದೇ ವಾರ ಕರೆಂಟ್ ಹೋಗಿ ಮೇಜಿನಡಿಯ ಯುಪಿಎಸ್ ಬೀಪ್ ಬೀಪ್ ಎನ್ನತೊಡಗಿದಾಗ ನಾನು ಎದ್ದು ಓಡಿದ್ದೇನೆಂದು ನನಗೇ ತಿಳಿದದ್ದು, ಹೊರಗೆ ಜಗಲಿಯ ಕಂಬ ಹಿಡಿದು ನಿಂತ ಮೇಲೆ. ‘ಸಾವಿನ ಬಾಯಿಂದ ವಾಪಸ್ ಬಂದಿದ್ದೀರಿ, ಇನ್ನೇನು ಬೇಕು’ ಎನ್ನುವ ನೆಂಟರ ಎದುರು ಇದನ್ನು ಹೇಳಿಕೊಳ್ಳುವುದು ಹೇಗೆ?

ಇಂಥ ತೊಂದರೆಗೆಂದೇ ಅದೇ ಆಸ್ಪತ್ರೆಯಲ್ಲಿ ಕ್ಲಿನಿಕ್ ಇದೆ ಎಂದು ನಮಗೆ ಹೇಳಿದ್ದು ಆಸ್ಪತ್ರೆಯವರಲ್ಲ. ನನ್ನ ಹೆಂಡತಿಯ ಅಣ್ಣನ ಮಗಳು, ಅವಳು ಬೇರೆಡೆ ಸ್ಟಾಫ್ ನರ್ಸ್. ಖರ್ಚಿನ ಕಡೆಗೆ ಮೊದಲು ಬರೆಯಬೇಕಾದದ್ದೇ ಇದು. ಎರಡನೆಯದು, ಕ್ಲಿನಿಕ್ ಇರುವ ಜಾಗ. ಕಾಯುವವರ ಬೆಂಚನ್ನು ಐಸಿಯುವಿನ ಬಾಗಿಲಿಗೆ ಹೊಂದಿಕೊಂಡೇ ಹಾಕಿದ್ದಾರೆ. ಬಾಗಿಲು ತೆರೆದಾಗಲೆಲ್ಲ ಒಳಗಿನ ಮಾನಿಟರುಗಳ ಸದ್ದು ಹೊರಗೆ ಬರುತ್ತದೆ. ಆ ಸದ್ದಿಗೆ ಬೆವರುವವರನ್ನೇ ಅಲ್ಲಿ ಮುಕ್ಕಾಲು ಗಂಟೆ ಕೂರಿಸುತ್ತಾರೆ.

ಒಳಗೆ ಹೋದ ಮೇಲೆ ಮಾತ್ರ ಯಾರೂ ಅವಸರ ಮಾಡಲಿಲ್ಲ. ತೀವ್ರ ನಿಗಾ ವೈದ್ಯರು, ಮನಃಶಾಸ್ತ್ರಜ್ಞೆ, ಫಿಸಿಯೋಥೆರಪಿಸ್ಟ್ ಮೂವರೂ ಒಂದೇ ಕೋಣೆಯಲ್ಲಿದ್ದರು. ನನ್ನ ಸ್ಥಿತಿಗೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರಿದೆ. ಅಮೆರಿಕದ ತೀವ್ರ ನಿಗಾ ತಜ್ಞರ ಸಂಘ 2010ರಲ್ಲಿ ಕರೆದ ಸಭೆಯಲ್ಲಿ ಈ ಹೆಸರು ಬಳಕೆಗೆ ಬಂತು. ಮೈಯ ನಿಶ್ಶಕ್ತಿ, ಮರೆವು-ಗೊಂದಲ, ಭಯ-ಖಿನ್ನತೆ ಮೂರನ್ನೂ ಅದರಲ್ಲಿ ಸೇರಿಸುತ್ತಾರೆ ಎಂದು ವೈದ್ಯರು ವಿವರಿಸಿದರು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡವೊಂದು 821 ರೋಗಿಗಳನ್ನು ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನೂ ಮುಂದಿಟ್ಟರು. ಅವರಲ್ಲಿ ಶೇ 74ರಷ್ಟು ಮಂದಿಗೆ ಆಸ್ಪತ್ರೆಯಲ್ಲಿದ್ದಾಗ ಸನ್ನಿ (ಡೆಲಿರಿಯಂ, ಅಂದರೆ ಹಠಾತ್ತಾಗಿ ಬುದ್ಧಿ ಗೊಂದಲಗೊಳ್ಳುವುದು) ಹಿಡಿದಿತ್ತು. ವರ್ಷ ಕಳೆದ ಮೇಲೂ ಪರೀಕ್ಷೆಗೆ ಕುಳಿತವರಲ್ಲಿ ಶೇ 34ರಷ್ಟು ಮಂದಿಯ ಅಂಕ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು, ಶೇ 24ರಷ್ಟು ಮಂದಿಯದು ಸೌಮ್ಯ ರೂಪದ ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಇರುವವರಷ್ಟು ಕೆಳಗಿತ್ತು. ಸನ್ನಿ ಎಷ್ಟು ಹೆಚ್ಚು ದಿನವೋ ಹಿನ್ನಡೆಯೂ ಅಷ್ಟು ಹೆಚ್ಚು. ನನ್ನ ಹಾಳೆಗಳಲ್ಲಿ ಸನ್ನಿ ಎಂದು ಬರೆದಿದ್ದ ದಿನಗಳು ಒಂಬತ್ತು. ಸಮಾಧಾನದ ಮಾತಿಗಿಂತ ಆ ಅಂಕಿಗಳೇ ನನಗೆ ಹೆಚ್ಚು ಸಮಾಧಾನ ಕೊಟ್ಟವು. ‘ಹಾಗಾದರೆ ಇವರು ಬೇಕೆಂದೇ ರೇಗುವುದಲ್ಲ’ ಎಂದು ಹೆಂಡತಿ ಮೆಲ್ಲಗೆ ಹೇಳಿದಳು.

ಆ ಮೇಲೆ ನೆನಪು, ಗಮನ ಅಳೆಯುವ ಮೋಕಾ ಎಂಬ 30 ಅಂಕದ ಪರೀಕ್ಷೆ, ಕನ್ನಡದಲ್ಲಿಯೇ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಯಬೇಕು, ಐದು ಪದ ನೆನಪಿಟ್ಟುಕೊಳ್ಳಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. 93, 86, ಅಲ್ಲಿಗೆ ನಿಂತೆ. ಊರಿನ ಅರ್ಧ ಜನರ ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದವನು 86ರಿಂದ 7 ಕಳೆಯಲಾಗದೆ ಕಿಟಕಿ ನೋಡುತ್ತ ಕುಳಿತಿದ್ದೆ. ಮೊದಲ ಸಲ ಬಂದದ್ದು 19, ಮೂರು ತಿಂಗಳ ಮೇಲೆ 24. 26 ಬಂದರೆ ಸರಿ ಎನ್ನುತ್ತಾರೆ. ಆದರೆ ಎರಡನೆಯ ಸಲವೂ ಅದೇ ಹಾಳೆ, ಅವೇ ಐದು ಪದ. ಆಗುಂಬೆ ಘಾಟಿ ಇಳಿಯುವಾಗ ಹೆಂಡತಿ ಅವನ್ನು ಎರಡು ಬಾರಿ ಒಪ್ಪಿಸಿಕೊಂಡಿದ್ದಳು. ಏರಿದ ಐದರಲ್ಲಿ ಎರಡನ್ನು ನಾನು ಬಾಯಿಪಾಠದ ಖಾತೆಗೆ ಹಾಕಿದ್ದೇನೆ.

ಈ ಕ್ಲಿನಿಕ್ಕಿನಲ್ಲಿ ನಾನು ಮರೆಯದ ಒಂದು ಗಂಟೆ ಎರಡನೆಯ ಭೇಟಿಯದು. ಐಸಿಯುವಿನ ನನ್ನ ನೆನಪು ಆಸ್ಪತ್ರೆಯದ್ದೇ ಆಗಿರಲಿಲ್ಲ. ಸಂಘದ ಹಣ ದುರುಪಯೋಗವಾಗಿದೆ ಎಂದು ಲೆಕ್ಕ ಪರಿಶೋಧಕರು ನನ್ನ ಎರಡೂ ಕೈ ಕಟ್ಟಿ ಕೂಡಿಹಾಕಿದ್ದರು. ಅವರಲ್ಲೊಬ್ಬಳು ಕಿವಿಯ ಹತ್ತಿರ ಬಂದು ಪದೇ ಪದೇ ‘ಎ’ ಎನ್ನುತ್ತಿದ್ದಳು. ಸಹಕಾರ ಸಂಘಗಳ ಲೆಕ್ಕ ನೋಡಿ ಎ, ಬಿ, ಸಿ, ಡಿ ಎಂದು ವರ್ಗ ಕೊಡುವುದು ಗೊತ್ತಿರುವವರಿಗೆ ಇದರ ಭಯ ಅರ್ಥವಾದೀತು: ನಮ್ಮ ‘ಎ’ ವರ್ಗ ನನ್ನಿಂದಾಗಿ ಹೋಯಿತು ಎಂದು ನಾನು ನಂಬಿದ್ದೆ. ಮನೆಗೆ ಬಂದ ಮೇಲೂ ಆರು ತಿಂಗಳು ಅದು ಕನಸಲ್ಲ, ನಡೆದದ್ದೇ ಎಂಬ ಅನುಮಾನ ಹೋಗಿರಲಿಲ್ಲ. ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ಮನಃಶಾಸ್ತ್ರಜ್ಞೆ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಒಪ್ಪಿಗೆ ಪಡೆದು, ಮಧ್ಯಾಹ್ನ ಗಲಾಟೆಯಿಲ್ಲದ ಹೊತ್ತಿನಲ್ಲಿ ನಾನು ಮಲಗಿದ್ದ ಐದನೆಯ ಹಾಸಿಗೆಯ ಬಳಿಗೆ ಕರೆದುಕೊಂಡು ಹೋದರು. ಅಂದು ನನ್ನನ್ನು ನೋಡಿಕೊಂಡಿದ್ದ ಕೇರಳದ ನರ್ಸ್ ಅಲ್ಲಿದ್ದರು. ಸನ್ನಿ ಇದೆಯೋ ಇಲ್ಲವೋ ತಿಳಿಯಲು ಹತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರಂತೆ. ‘ಎ’ ಬಂದಾಗ ಮಾತ್ರ ರೋಗಿ ಅವರ ಕೈ ಹಿಸುಕಬೇಕು. ‘ನೀವು ಎಲ್ಲಾ ಅಕ್ಷರಕ್ಕೂ ಹಿಸುಕ್ತಾ ಇದ್ರಿ ಸರ್, ಬಿಡ್ತಾನೇ ಇರ್ಲಿಲ್ಲ’ ಎಂದು ಅವರು ನಕ್ಕರು. ಕೈ ಕಟ್ಟಿದ್ದೂ ನಿಜ. ಗಂಟಲಿನ ಕೊಳವೆ ಕಿತ್ತುಕೊಳ್ಳದಿರಲೆಂದು ಕಟ್ಟುವ ಹತ್ತಿ ತುಂಬಿದ ಬಟ್ಟೆಯ ಪಟ್ಟಿಯನ್ನು ತಂದು ನನ್ನ ಅಂಗೈಯ ಮೇಲಿಟ್ಟರು. ಮುಟ್ಟಿ ನೋಡಿದೆ, ಅಂಚು ಸವೆದಿತ್ತು. ಆ ರಾತ್ರಿ, ಎಷ್ಟೋ ತಿಂಗಳ ನಂತರ, ಮೂರು ಗಂಟೆಗೆ ಎಚ್ಚರವಾಗದೆ ಮಲಗಿದೆ.

ಯುಪಿಎಸ್ ಸದ್ದಿಗೆ ಕೊಟ್ಟ ಉಪಾಯ ಸರಳ. ಆ ಬೀಪನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ದಿನಕ್ಕೆ ಎರಡು ನಿಮಿಷ, ಮೊದಲು ಅಂಗಳದಲ್ಲಿ ನಿಂತು, ಆಮೇಲೆ ಬಾಗಿಲು ಹಾಕಿದ ಕೋಣೆಯಲ್ಲಿ ಕೇಳಬೇಕು. ನಾಲ್ಕು ವಾರ ಹಿಡಿಯಿತು. ಈಗ ಕರೆಂಟ್ ಹೋದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಕಾಲು ಓಡುವುದಿಲ್ಲ.

ಕೆಲಸಕ್ಕೆ ಮರಳುವ ವಿಷಯದಲ್ಲಿ ಮಾತ್ರ ಕ್ಲಿನಿಕ್ ಕೈಚೆಲ್ಲಿದೆ. ಸುಡೊಕು ಮಾಡಿ, ಪದಬಂಧ ಬಿಡಿಸಿ ಎಂದು ಒಂದು ಹಾಳೆ ಕೊಟ್ಟರು. ದಿನಕ್ಕೆ ಎಷ್ಟು ಹೊತ್ತು ಲೆಕ್ಕ ಬರೆಯಬಹುದು, ಸಂಘದ ಆಡಳಿತ ಮಂಡಳಿಗೆ ಏನೆಂದು ಪತ್ರ ಕೊಡಬಹುದು ಎಂಬ ಪ್ರಶ್ನೆಗೆ ಮೂವರಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಬೆಳಿಗ್ಗೆ ಎರಡು ಗಂಟೆ ಮಾತ್ರ ನಗದು ಕೆಲಸ, ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ ಸಹಿ ಹಾಕುವುದು ಎಂಬ ಏರ್ಪಾಟನ್ನು ನಾವೇ ಮಾಡಿಕೊಂಡೆವು. ಹೆಂಡತಿಯ ನಿದ್ದೆಗೇಡಿನ ಬಗ್ಗೆ ಮೂರು ಭೇಟಿಗಳಲ್ಲಿ ಯಾರೂ ಕೇಳಲಿಲ್ಲ. ಈ ಸಿಂಡ್ರೋಮ್ ಮನೆಯವರನ್ನೂ ಹಿಡಿಯುತ್ತದೆ ಎಂದು ಅವರದೇ ಕರಪತ್ರದಲ್ಲಿ ಅಚ್ಚಾಗಿದೆ.

ಹಣದ ಮಾತು: ಮೊದಲ ಭೇಟಿಗೆ 1,500 ರೂಪಾಯಿ, ಮುಂದಿನವಕ್ಕೆ 900. ನನ್ನ ವಿಮೆ ಬಿಡುಗಡೆಯ ನಂತರದ ಖರ್ಚನ್ನು 60 ದಿನಗಳವರೆಗೆ ಮಾತ್ರ ಕೊಡುತ್ತದೆ. ಕ್ಲಿನಿಕ್ ಮೊದಲ ದಿನಾಂಕ ಕೊಡುವುದೇ ಮೂರು ತಿಂಗಳಿಗೆ. ಪೂರ್ತಿ ಕೈಯಿಂದಲೇ ಹೋಯಿತು.

ಇಂಥ ಕ್ಲಿನಿಕ್ಕುಗಳಿಂದ ಎಲ್ಲರಿಗೂ ಗುಣವಾಗುತ್ತದೆ ಎಂದು ನಾನು ಬರೆಯಲಾರೆ. ಬ್ರಿಟನ್ನಿನಲ್ಲಿ 286 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನರ್ಸ್‌ಗಳು ನಡೆಸುವ ಇಂಥ ಕ್ಲಿನಿಕ್ಕಿಗೆ ಹೋದವರಿಗೂ ಹೋಗದವರಿಗೂ ವರ್ಷದ ಕೊನೆಗೆ ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗಿಗೆ ಪ್ರಜ್ಞೆಯಿಲ್ಲದ ದಿನಗಳಲ್ಲಿ ನಡೆದದ್ದನ್ನು ನರ್ಸ್‌ಗಳು, ಮನೆಯವರು ಬರೆದಿಡುವ, ಕರಪತ್ರ ಬಹಳವಾಗಿ ಹೊಗಳುವ ‘ಐಸಿಯು ದಿನಚರಿ’ಯ ಕಥೆಯೂ ಇಷ್ಟೇ: 2010ರ ಯುರೋಪಿನ ಅಧ್ಯಯನ ಅದರಿಂದ ಮಾನಸಿಕ ಆಘಾತದ ಲಕ್ಷಣ ಕಡಿಮೆಯಾಯಿತೆಂದರೆ, 2019ರ ಫ್ರಾನ್ಸಿನ ದೊಡ್ಡ ಅಧ್ಯಯನ ಹಾಗೇನೂ ಕಾಣಲಿಲ್ಲ ಎಂದಿತು. ನನಗಂತೂ ಯಾರೂ ದಿನಚರಿ ಬರೆದಿರಲಿಲ್ಲ. ಬರೆದಿದ್ದರೆ ಆ ‘ಎ’ಯ ಗುಟ್ಟು ಆರು ತಿಂಗಳು ಮೊದಲೇ ಬಿಡಿಸಿಕೊಳ್ಳುತ್ತಿತ್ತೇನೋ.

ಹೋಗುವವರು ಒಬ್ಬರೇ ಹೋಗಬೇಡಿ. ನಿಮಗೆ ನೆನಪಿಲ್ಲದ್ದು ಜೊತೆಯವರಿಗೆ ನೆನಪಿರುತ್ತದೆ. ಐಸಿಯು ತೋರಿಸುವುದನ್ನು ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಘಾಟಿ ಇಳಿದು ಬರಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಭಯ, ನಿದ್ದೆಗೇಡಿನ ಮಟ್ಟಿಗೆ ಅದು ಒಂದು ದಾರಿ. ಬೆಂಚಿನ ವಿಷಯ: ಕೌಂಟರಿನಲ್ಲಿ ನಂಬರ್ ಕೊಟ್ಟು, ಕೆಳಗೆ ಕ್ಯಾಂಟೀನಿನಲ್ಲಿ ಕುಳಿತಿರುತ್ತೇವೆ, ಸರದಿ ಬಂದಾಗ ಫೋನ್ ಮಾಡಿ ಎಂದು ಹೇಳಿ. ಮೂರನೆಯ ಸಲ ನಾವು ಹಾಗೆ ಮಾಡಿದೆವು, ಮಾಡಿದರು.